ಮೇಡಂ ನೆಟ್ ಆರಿಸಿದ ಸಂಜೆ

ಮಳವಳ್ಳಿಯಲ್ಲಿ ನನ್ನ ಅಂಗಡಿಯ ಹಿಂದಿನ ಮನೆಯಲ್ಲಿ ಮೊನ್ನೆ ಹುಚ್ಚೆಳ್ಳು ಹುರಿಯುತ್ತಿದ್ದರು. ಹುಚ್ಚೆಳ್ಳಿನ ವಾಸನೆಯೇ ಒಂಥರಾ. ಹದ ಮೀರಿದರೆ ಬರೀ ಕಹಿ, ಹದಕ್ಕೆ ಬಂದರೆ ಉಂಡವನಿಗೂ ಮತ್ತೆ ಹಸಿವಾಗುತ್ತದೆ. ಗಿರಾಕಿಯೊಬ್ಬ ಎದುರಿಗೆ ನಿಂತು ತಿಂಗಳ ನೆಟ್ ಪ್ಯಾಕೇಜಿನಲ್ಲಿ ಎಷ್ಟು ಬಿಡುತ್ತೀರಿ ಎಂದು ಕೇಳುತ್ತಿದ್ದ. ವ್ಯಾಪಾರದ ಮಾತಿನ ನಡುವೆ ನಾನು ಮೈಮರೆಯುವವನಲ್ಲ. ಆದರೆ ಅವತ್ತು ಅವನಿಗೆ ಏನು ಹೇಳಿ ಕಳಿಸಿದೆನೋ ಗೊತ್ತಿಲ್ಲ. ಹಲಗೂರಿನಾಚೆಯ ಒಂದು ಮಾವಿನ ತೋಪು, ಮೂರು ಕಲ್ಲಿನ ಒಲೆ, ಒಲೆಯ ಮುಂದೆ ಸೆರಗು ಸಿಕ್ಕಿಸಿಕೊಂಡು ಬಾಣಲೆಯಲ್ಲಿ ಹುಚ್ಚೆಳ್ಳು ಆಡಿಸುತ್ತಿದ್ದ ಮೇಡಂ... ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು.

ಮೇಡಂ ಎಂದರೆ ನನಗೆ ಪಾಠ ಹೇಳಿದ ಮೇಡಂ ಅಲ್ಲ. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಕೇಬಲ್ ಎಳೆಯುವುದಕ್ಕೆ ಮಾತ್ರ. ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ಮನೆಮನೆಗೆ ಟಿವಿ ಸಂಪರ್ಕ ಕೊಡುತ್ತಾ, ಆಮೇಲೆ ಅದೇ ವೈರಿನಲ್ಲಿ ಇಂಟರ್ನೆಟ್ ಬಿಡುತ್ತಾ, ಯಾರ ಹಂಗೂ ಇಲ್ಲದೆ ಸ್ವಂತಕ್ಕೊಂದು ಅಂಗಡಿ ಮಾಡಿಕೊಂಡವನು ನಾನು. ಅವರು ಮದ್ದೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ವರ್ಷಕ್ಕೊಂದು ಸಲ ಹುಡುಗಿಯರನ್ನು ಕಟ್ಟಿಕೊಂಡು ಯಾವುದಾದರೂ ಹಳ್ಳಿಗೆ ಹೋಗಿ, ಊರ ಹೊರಗೆ ಟೆಂಟು ಹಾಕಿ, ಒಂದು ವಾರ ಶಿಬಿರ ನಡೆಸುತ್ತಿದ್ದರು. ರಸ್ತೆಗೆ ಮಣ್ಣು ಹಾಕುವುದು, ಚರಂಡಿ ತೋಡುವುದು, ಹಾಳುಬಿದ್ದ ಕಲ್ಯಾಣಿಯ ಹೂಳು ತೆಗೆಯುವುದು. ಸಂಜೆಗೆ ಹಾಡು, ಆಟ, ಮುದ್ದೆ. ಆ ಹುಡುಗಿಯರಲ್ಲಿ ಮುಕ್ಕಾಲು ಪಾಲು ಅದಕ್ಕೆ ಮೊದಲು ಸ್ವಂತ ಮನೆ ಮತ್ತು ನೆಂಟರ ಮನೆ ಬಿಟ್ಟು ಬೇರೆಲ್ಲೂ ಮಲಗಿದವರಲ್ಲ.

ಎಂಟೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಸ್ಸಿಳಿದು ಸೀದಾ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಕೊಡೆ, ಹೆಗಲಿಗೆ ಬಟ್ಟೆಯ ಚೀಲ. ಕೂರಿ ಎಂದರೆ ಕೂರಲಿಲ್ಲ.

“ಏನ್ರೀ, ನಿಮ್ಮ ನೆಟ್ಟು ಒಂದು ವಾರದ ಮಟ್ಟಿಗೆ ಬಾಡಿಗೆಗೆ ಸಿಗುತ್ತಾ? ಹಲಗೂರಿನಿಂದ ಮುಂದಕ್ಕೆ, ಕಾಡಂಚಿನ ಊರು. ಅಲ್ಲಿ ಫೋನು ಎತ್ತಿ ಹಿಡಿದರೂ ಸಿಗ್ನಲ್ ಇಲ್ಲ, ಇಳಿಸಿದರೂ ಇಲ್ಲ.”

“ಸಿಗುತ್ತೆ ಮೇಡಂ. ಜಾಗ ನೋಡ್ಬೇಕು,” ಎಂದೆ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಜಾಗ ನೋಡದೆ ಬೆಲೆ ಹೇಳಬೇಡಿ. ಬೆಲೆ ಹೇಳಿದ ಮೇಲೆ ಗುಡ್ಡ ಅಡ್ಡ ಬಂದರೆ ಆ ಗುಡ್ಡ ನಿಮ್ಮ ತಲೆಯ ಮೇಲೇ ಕೂರುತ್ತದೆ.

“ಜಾಗ ನೋಡಿದ ಮೇಲೆ ಬೆಲೆ ಏರಿಸ್ತೀರಿ, ಗೊತ್ತು. ಈಗಲೇ ಹೇಳಿಬಿಡ್ತೀನಿ ಕೇಳಿ. ನನಗೆ ಬೇಡದ ಪದಾರ್ಥ ಕೊಳ್ಳೋಕೆ ಬಂದಿದ್ದೀನಿ. ಅದಕ್ಕೇ ಚೌಕಾಸಿ ಜೋರಾಗೇ ಮಾಡೋದು.”

ನನಗೆ ನಗು ಬಂತು. ಬೇಡದ ವಸ್ತುವನ್ನು ಹುಡುಕಿಕೊಂಡು ಬಸ್ಸು ಹತ್ತಿ ಬಂದ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಅವರೇ ವಿವರ ಹೇಳಿದರು. ಹಿಂದಿನ ವರ್ಷಗಳಲ್ಲಿ ಶಿಬಿರಕ್ಕೆ ಹೋಗುವಾಗ ಮನೆಯವರು ಮೇಡಂ ಮುಖ ನೋಡಿ ಕಳಿಸಿಬಿಡುತ್ತಿದ್ದರಂತೆ. ಈಗ ಮನೆಮನೆಗೂ ಫೋನು ಬಂದು, ಮಗಳು ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರೂ ಎಲ್ಲಿದ್ದೀಯ ಎಂದು ಕೇಳುವುದು ರೂಢಿಯಾಗಿತ್ತು. ಫೋನು ಸಿಗದ ಜಾಗಕ್ಕೆ ಹುಡುಗಿಯನ್ನು ಕಳಿಸುವುದಿಲ್ಲ ಎಂದು ತಂದೆ ತಾಯಂದಿರ ಸಭೆಯಲ್ಲಿ ಒಬ್ಬರು ಹೇಳಿದ್ದೇ ತಡ, ಎಲ್ಲರೂ ಹೌದು ಹೌದು ಎಂದರಂತೆ. ಕೊನೆಗೆ ಮೇಡಂ ಒಂದು ಮಾತು ಕೊಟ್ಟು ಬಂದಿದ್ದರು. ದಿನಾ ಸಂಜೆ ಏಳು ಗಂಟೆಗೆ ನಿಮ್ಮ ನಿಮ್ಮ ಮಗಳ ಮುಖ ಫೋನಿನಲ್ಲಿ ತೋರಿಸುತ್ತೇನೆ. ಆ ಮಾತಿನ ಮೇಲೆ ಹುಡುಗಿಯರು ಸಿಕ್ಕಿದ್ದರು.

“ಒಂದು ವಾರ ಯಾರ ಕಣ್ಣೂ ಇಲ್ಲದೆ ಇರಲಿ ಅಂತ ಅಲ್ವೇನ್ರೀ ನಾನು ಇವರನ್ನ ಕರ್ಕೊಂಡು ಹೋಗೋದು? ಈಗ ಕಣ್ಣನ್ನ ನಾನೇ ದುಡ್ಡು ಕೊಟ್ಟು ಹಾಕಿಸ್ಬೇಕು. ಹೋಗ್ಲಿ, ದಿನಕ್ಕೆ ಅರ್ಧ ಗಂಟೆ ಅಷ್ಟೇ. ಮಿಕ್ಕಿದ್ದೆಲ್ಲ ನಮ್ದು,” ಎಂದರು.

ಚೌಕಾಸಿ ಮಾಡಿಯೇ ಮಾಡಿದರು. ನನ್ನ ಬಾಯಿಂದ ಬಂದ ಬೆಲೆಯನ್ನು ಮುರಿದು, ಅದಕ್ಕೆ ಬ್ಯಾಟರಿ ಸೇರಿಸಿ, ದಿನಾ ಸಂಜೆ ನಾನೇ ಖುದ್ದು ಬಂದು ಕಾಯಬೇಕು ಎನ್ನುವುದನ್ನೂ ಸೇರಿಸಿದರು. ಊಟ ಮಾತ್ರ ಅವರ ಕಡೆಯಿಂದ. ನಾನು ಸೋತೆ ಎನಿಸಲಿಲ್ಲ. ನನಗೂ ಅಂಥದ್ದೊಂದು ಕೆಲಸ ಬೇಕಿತ್ತು. ಬಯಲಿನಲ್ಲಿ ನೆಟ್ ಬರಿಸಿ ತೋರಿಸಿದರೆ ಸುತ್ತಮುತ್ತ ಹೆಸರಾಗುತ್ತದೆ ಎನ್ನುವ ಲೆಕ್ಕ ನನ್ನದು.

ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಆದರೆ ತಿಳಿಯದವರು ಕೈ ಹಾಕಿದರೆ ಕೆಡುತ್ತದೆ. ಹಲಗೂರಿನ ಒಂದು ಮಹಡಿ ಮನೆಯವರೆಗೆ ನಮ್ಮ ಲೈನು ಇತ್ತು. ಆ ಮಹಡಿಯ ಮೇಲೊಂದು ಡಿಶ್ಶು, ಶಿಬಿರದ ಊರಲ್ಲೊಂದು ಡಿಶ್ಶು. ಎರಡೂ ಒಂದರ ಮುಖ ಒಂದು ನೋಡುತ್ತಿರಬೇಕು, ನಡುವೆ ಏನೂ ಅಡ್ಡ ಇರಬಾರದು, ಎರಡೂ ಅಲುಗಬಾರದು. ಇಷ್ಟೇ ಗುಟ್ಟು. ಊರಿನ ನೀರಿನ ಟ್ಯಾಂಕಿನ ಮೇಲೆ ಕಟ್ಟೋಣ ಎಂದು ನಾನು ಹೊರಟರೆ, ತೋಪಿನ ಪಕ್ಕದ ಜಮೀನಿನ ಗೌಡರು ಬಿಡಲಿಲ್ಲ.

“ಟ್ಯಾಂಕ್ ಅತ್ತಿ ಯಾಕ್ ಸಾಯ್ತೀಯ ಬುಡಣ್ಣ. ನಮ್ ತೆಂಗಿನ್ಮರ ಅದಲ್ಲ, ನಮ್ ತಾತ ಇಕ್ಕಿದ್ದು. ಟ್ಯಾಂಕ್‌ಗಿಂತ ಒಂದಾಳುದ್ದ ಜಾಸ್ತಿನೇ ಅದೆ. ನಾನೇ ಅತ್ತಿ ಕಟ್ಕೊಡ್ತೀನಿ,” ಎಂದರು.

ಅಷ್ಟು ಪ್ರೀತಿಯಿಂದ ಹೇಳಿದ ಮೇಲೆ ಬೇಡ ಎನ್ನುವುದು ಹೇಗೆ? ಕಟ್ಟಿಸಿದೆ. ಹಗಲೆಲ್ಲ ಗಾಳಿಯಿಲ್ಲ, ನೆಟ್ ಬೆಣ್ಣೆಯ ಹಾಗೆ ಬಂತು. ಸಂಜೆ ಗುಡ್ಡದ ಕಡೆಯಿಂದ ಗಾಳಿ ಎದ್ದಿತು ನೋಡಿ... ತೆಂಗಿನ ಮರ ತೂಗಿದ ಹಾಗೆಲ್ಲ ನೆಟ್ಟೂ ತೂಗಿತು. ಫೋನಿನಲ್ಲಿ ಅವ್ವಂದಿರ ಮುಖಗಳು ಬಾಯಿ ತೆರೆದ ಹಾಗೇ ನಿಂತುಬಿಟ್ಟವು. ಒಬ್ಬಳು ಹುಡುಗಿ, “ಅಯ್ಯೋ, ನಮ್ಮವ್ವ ಸುಮ್ನಾಗಿದ್ದು ನಾನು ಇದೇ ಮೊದ್ಲು ಕಣ್ರೇ ನೋಡಿದ್ದು!” ಎಂದು ಕೂಗಿದಳು. ಇಡೀ ತೋಪು ನಕ್ಕಿತು. ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು. ಮಾರನೆಯ ಬೆಳಿಗ್ಗೆ ನಾನೇ ಟ್ಯಾಂಕು ಹತ್ತಿ ಡಿಶ್ಶನ್ನು ಕಬ್ಬಿಣದ ಪೈಪಿಗೆ ಬಿಗಿದೆ. ಅಲ್ಲಿಂದ ಮುಂದೆ ಅದು ಒಂದು ಕ್ಷಣವೂ ಕೈಕೊಡಲಿಲ್ಲ. ನಾನು ಮಾಡಿದ ಕೆಲಸಗಳಲ್ಲಿ ಅದರಷ್ಟು ಅಚ್ಚುಕಟ್ಟಾದ್ದು ಕಡಿಮೆ. ಈಗ ಅನ್ನಿಸುತ್ತದೆ, ಅದು ಸ್ವಲ್ಪ ಕೆಟ್ಟದಾಗಿದ್ದಿದ್ದರೇ ಚೆನ್ನಾಗಿತ್ತು...

ಆ ವರ್ಷ ಅವರು ಆರಿಸಿಕೊಂಡಿದ್ದು ಒಂದು ಕಲ್ಯಾಣಿ. ತೋಪಿನ ಪಕ್ಕದಲ್ಲೇ, ನಾಲ್ಕು ಕಡೆಯೂ ಕಲ್ಲಿನ ಮೆಟ್ಟಿಲು, ಒಳಗೆಲ್ಲ ಹೂಳು, ಲಂಟಾನದ ಪೊದೆ. ತಳದಲ್ಲಿ ಒರತೆ ಇದೆ, ಹೂಳು ತೆಗೆದರೆ ನೀರು ಏಳುತ್ತದೆ ಎಂದು ಊರಿನ ಮುದುಕರು ಹೇಳಿದ್ದರು. ವಾರದೊಳಗೆ ತಳ ಮುಟ್ಟಬೇಕು ಎನ್ನುವುದು ಮೇಡಂ ಹಟ. ಮೊದಲ ದಿನ ಹುಡುಗಿಯರು ಕತ್ತಲಾಗುವವರೆಗೆ ಬಾಂಡಲಿಯಲ್ಲಿ ಹೂಳು ಸಾಗಿಸಿದರು. ಅವರಲ್ಲಿ ಒಬ್ಬಳಿದ್ದಳು, ಗೆಜ್ಜಲಗೆರೆ ಕಡೆಯವಳು. ಅಪ್ಪ ಫ್ಯಾಕ್ಟರಿ ಕೆಲಸದ ಜೊತೆಗೆ ಒಂದಿಷ್ಟು ಕಬ್ಬು ಬೆಳೆಯುವವರು. ಗುದ್ದಲಿ ಹಿಡಿದರೆ ಗಂಡಸರೂ ನಾಚಬೇಕು, ಹಾಗೆ ಹಾಕುತ್ತಿದ್ದಳು. ಅವಳು ಇಳಿದಳೆಂದರೆ ಮಿಕ್ಕವರೂ ಇಳಿಯುತ್ತಿದ್ದರು. ಅವಳಿಗೆ ಮದುವೆ ಗೊತ್ತಾಗಿತ್ತು. ಶಿಬಿರ ಮುಗಿದು ತಿಂಗಳೊಪ್ಪತ್ತಿನಲ್ಲೇ ಮದುವೆ.

ನೆಟ್ ಸರಿಹೋದ ಸಂಜೆ ಅವಳ ಫೋನಿಗೆ ಬಂದಿದ್ದು ಅವಳ ಮನೆಯವರಲ್ಲ, ಗಂಡಿನ ಮನೆಯ ಅಜ್ಜಿ. ನಾನು ಅಲ್ಲೇ ಬ್ಯಾಟರಿಯ ಪಕ್ಕ ಕೂತಿದ್ದೆ. ಅಜ್ಜಿಯ ಗಂಟಲು ತೋಪಿಗೆಲ್ಲ ಕೇಳುವಂತಿತ್ತು.

“ಏನಮ್ಮೀ ಇದು, ಮೊಕವೆಲ್ಲ ಮಣ್ಣು! ಕೈ ತೋರ್ಸು. ಬಳೆ ಎಲ್ಲವ್ವ?”

“ಕಲ್ಯಾಣಿ ತೋಡ್ತಾ ಇದ್ದೀವಿ ಅಜ್ಜಿ. ಒಡೀತವೆ ಅಂತ ತೆಗ್ದಿಟ್ಟಿದ್ದೀನಿ.”

“ನಿಮ್ಮಪ್ಪ ನಿನ್ನ ಕಾಲೇಜ್ಗೆ ಕಳ್ಸವ್ನೋ, ಕೂಲಿಗೆ ಕಳ್ಸವ್ನೋ? ಒಪ್ಪಿತವಾಗಿರೋ ಎಣ್ಣು ಬರೀ ಕೈಲಿ ಇರ್ತಾರೇನಮ್ಮೀ? ನಾಳೀಕೆ ಬಳೆ ಆಕ್ಕೊಂಡು ಮೊಕ ತೊಳ್ಕೊಂಡು ಬಾ. ನಮ್ ಅಟ್ಟಿ ಜನವೆಲ್ಲ ನೋಡ್ತಾರೆ.”

ತೆಗೆದಿಟ್ಟಿದ್ದೇನೆ ಎಂದಿದ್ದು ಸುಳ್ಳು, ಅವಳು ತಂದಿದ್ದ ಬಳೆ ಆಗಲೇ ಒಡೆದುಹೋಗಿದ್ದವು. ಮಾರನೆಯ ದಿನ ಊರಿನ ಯಾವುದೋ ಮನೆಯಿಂದ ಒಂದು ಡಜನ್ ಹಸಿರು ಗಾಜಿನ ಬಳೆ ತಂದಳು. ಅವಳ ಕರೆ ಮುಗಿದ ಮೇಲೆ ಪಕ್ಕದವಳು ಕೇಳಿದಳು, “ಲೇ, ಬಳೆ ಕೊಡೇ ಬ್ಯಾಗ, ನಮ್ಮವ್ವ ಲೈನ್‌ಗೆ ಬತ್ತಾಳೆ.” ಅದಾದ ಮೇಲೆ ಆ ಬಳೆಗಳು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಲೇ ಇದ್ದವು. ಒಬ್ಬಳ ಮನೆಯವರಿಗೆ ಇನ್ನೊಬ್ಬಳ ಹಣೆಯ ಕುಂಕುಮ ಕಂಡಿತು, ನಮ್ಮವಳಿಗೆ ಯಾಕಿಲ್ಲ ಎಂದರು. ಒಬ್ಬರ ಅಪ್ಪ, ಹಿಂದೆ ಓಡಾಡುತ್ತಿರುವ ಗಂಡಸು ಯಾರು ಎಂದು ಕೇಳಿದರು. ಆ ಗಂಡಸು ನಾನೇ. “ನೆಟ್ಟಣ್ಣ ಅಪ್ಪಾ, ವೈರ್ ನೋಡ್ಕಳಾಕೆ ಬಂದವ್ರೆ,” ಎಂದು ಮಗಳು ಹೇಳಿ, ನನ್ನನ್ನು ಕರೆದು ಫೋನಿನ ಮುಂದೆ ನಿಲ್ಲಿಸಿ, ನಾನು ಮದುವೆಯಾಗಿ ಮಕ್ಕಳಿರುವವನು ಎಂದು ನನ್ನ ಬಾಯಿಂದಲೇ ಹೇಳಿಸಿದಳು. ಅಲ್ಲಿಂದ ಹುಡುಗಿಯರಿಗೆಲ್ಲ ನಾನು ನೆಟ್ಟಣ್ಣನೇ ಆದೆ.

ಅರ್ಧ ಗಂಟೆಯ ಕರೆ ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಏಳು ಗಂಟೆಗೆ ಚೆನ್ನಾಗಿ ಕಾಣಬೇಕೆಂದರೆ ಐದಕ್ಕೆ ಸ್ನಾನ, ಸ್ನಾನಕ್ಕೆ ನೀರು ಸೇದಬೇಕೆಂದರೆ ನಾಲ್ಕಕ್ಕೇ ಗುದ್ದಲಿ ಕೆಳಗೆ. ಬಿಸಿಲು ಇಳಿದು ಕೆಲಸಕ್ಕೆ ಹದವಾದ ಹೊತ್ತಿನಲ್ಲೇ ಕಲ್ಯಾಣಿ ಖಾಲಿ. ಹಾಡು ನಿಂತಿತು. ಊಟಕ್ಕೆ ಕೂತವರು, ಮುದ್ದೆ ಚಿಕ್ಕದು ಎಂದು ನಮ್ಮವ್ವ ಬೈದಳು, ಟೆಂಟಿನಲ್ಲಿ ಯಾರ ಪಕ್ಕ ಮಲಗುತ್ತೀಯ ಎಂದು ಕೇಳಿದರು, ಎನ್ನುವ ಮಾತನ್ನೇ ಆಡುತ್ತಿದ್ದರು. ಮೇಡಂ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಹುಚ್ಚೆಳ್ಳಿನ ಚಟ್ನಿಪುಡಿ ಅವರೇ ಮಾಡುತ್ತಿದ್ದುದು, ಆ ಕೆಲಸ ಬೇರೆಯವರಿಗೆ ಬಿಡುತ್ತಿರಲಿಲ್ಲ. ಒಂದು ಸಂಜೆ ಅದು ಸೀದುಹೋಯಿತು. ಬಾಣಲೆ ಇಳಿಸಿ ನನ್ನ ಕಡೆ ತಿರುಗಿ, “ನಿಮ್ಮ ನೆಟ್ಟು ಭಾಳ ಚೆನ್ನಾಗಿದೆ ಕಣ್ರೀ,” ಎಂದರು. ಹೊಗಳಿದರೋ ತೆಗಳಿದರೋ ಆಗ ನನಗೆ ತಿಳಿಯಲಿಲ್ಲ.

ಶಿಬಿರ ಮುಗಿಯಲು ಎರಡು ದಿನ ಇತ್ತು ಎಂದು ನೆನಪು. ಅವತ್ತು ನಾನು ಸಂಜೆ ಬರುವ ಹೊತ್ತಿಗೆ ಕಲ್ಯಾಣಿಯ ತಳದಲ್ಲಿ ಆ ಗೆಜ್ಜಲಗೆರೆ ಹುಡುಗಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ಮೂಲೆಯ ಕಲ್ಲಿನ ಸಂದಿಯಲ್ಲಿ ಮಣ್ಣು ತೇವವಾಗಿ, ಗುದ್ದಲಿ ಹಾಕಿದ ಕಡೆ ನೀರು ಜಿನುಗುತ್ತಿತ್ತು. ಇನ್ನೊಂದಿಷ್ಟು ಬಗೆದರೆ ಒರತೆ ಬಾಯಿ ಬಿಡುವಂತಿತ್ತು. ಮೇಲೆ ನಿಂತ ಹುಡುಗಿಯರು, ಹೊತ್ತಾಯಿತು ಹತ್ತಿ ಬಾರೇ ಎಂದು ಕೂಗುತ್ತಿದ್ದರು. ಅವಳು ತಲೆ ಎತ್ತಿ ಮೇಡಂ ಕಡೆ ನೋಡಿದಳು.

“ಮೇಡಂ, ಇವತ್ತೊಂದಿನ ಮೊಕ ತೋರ್ಸದು ಬ್ಯಾಡ ಅನ್ನಿ ಮೇಡಂ. ಮದ್ವೆ ಆದ್ಮೇಲೆ ಹೆಂಗೂ ದಿನಾ ತೋರ್ಸದೇ ಅಲ್ವಾ?”

ತಮಾಷೆಯಾಗಿಯೇ ಹೇಳಿದಳು. ಯಾರೂ ನಗಲಿಲ್ಲ. ಮೇಡಂ ಮೂಲೆಯಲ್ಲಿ ಜಿನುಗುತ್ತಿದ್ದ ನೀರನ್ನು ಬಗ್ಗಿ ನೋಡಿದರು. ಅವರು ಮಾತು ಕೊಟ್ಟವರು. ಆ ಮಾತು ತಪ್ಪಿದರೆ ಏನಾಗುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

“ಇದನ್ನ ಆರಿಸೋದು ಹೇಗೆ?”

“ಮೇಡಂ, ಬೇಡಿ. ಕರೆ ಹೋಗ್ದಿದ್ರೆ ಮನೇವ್ರು ಗಾಬ್ರಿ ಆಗ್ತಾರೆ. ಒಂದ್ ಕೆಲ್ಸ ಮಾಡಿ, ಬೇಗ ಬೇಗ ಒಂದೊಂದು ನಿಮಿಷ ಮಾತಾಡಿಸಿ ಕಳ್ಸಿ.”

“ಒಂದು ನಿಮಿಷಕ್ಕೂ ಬಳೆ ಹಾಕ್ಕೋಬೇಕು, ಮುಖ ತೊಳೀಬೇಕು. ಅಷ್ಟೊತ್ತಿಗೆ ಕತ್ತಲಾಗುತ್ತೆ. ಸ್ವಿಚ್ಚು ಯಾವುದು ಹೇಳ್ರೀ.”

ತೋರಿಸಿದೆ. ಬ್ಯಾಟರಿಯ ಮೇಲಿನ ಕಪ್ಪು ಗುಂಡಿಯನ್ನು ಅವರೇ ಒತ್ತಿದರು. ಪಕ್ಕದ ನೆಟ್ ಪೆಟ್ಟಿಗೆಯ ಹಸಿರು ದೀಪಗಳು ಆರಿದವು.

ಆ ಸಂಜೆಯನ್ನು ಹೇಗೆ ಹೇಳಲಿ... ಹುಡುಗಿಯರೆಲ್ಲ ಹಾಕಿಕೊಂಡಿದ್ದ ಒಳ್ಳೆಯ ಬಟ್ಟೆಯಲ್ಲೇ ಮತ್ತೆ ಕಲ್ಯಾಣಿಗೆ ಇಳಿದರು. ಬಾಂಡಲಿ ಕೈಯಿಂದ ಕೈಗೆ ಓಡಿತು. ನಾನೂ ಪ್ಯಾಂಟು ಮಡಚಿ ಇಳಿದೆ, ಬಾಡಿಗೆಯ ಒಪ್ಪಂದದಲ್ಲಿ ಅದು ಇರಲಿಲ್ಲ. ತೆಂಗಿನ ಮರದ ಗೌಡರು ಬ್ಯಾಟರಿ ಲೈಟು ಹಿಡಿದು ಮೆಟ್ಟಿಲ ಮೇಲೆ ನಿಂತರು. ನಸುಗತ್ತಲಿನಲ್ಲಿ ಆ ಹುಡುಗಿ ಒಂದು ದಪ್ಪ ಕಲ್ಲನ್ನು ಹಾರೆಯಿಂದ ಮೀಟಿದಳು. ಅದರ ಹಿಂದಿನಿಂದ ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ತೋಪಿನಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹಾರುವ ಹಾಗೆ ಕಿರುಚಿದರು. ಅವಳು ಕೆಸರಲ್ಲೇ ಕೂತು, ನೀರನ್ನು ಬೊಗಸೆಯಲ್ಲಿ ಎತ್ತಿ ತಲೆಯ ಮೇಲೆ ಸುರಿದುಕೊಂಡು ನಕ್ಕಳು. ನಕ್ಕಳು ಎಂದರೆ ಸುಮ್ಮನೆ ನಕ್ಕಿದ್ದಲ್ಲ. ಯಾವ ಕಾರಣಕ್ಕೂ ಅಲ್ಲದೆ, ಯಾರಿಗೂ ಕಾಣಲಿ ಎಂದಲ್ಲದೆ, ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ. ಮೇಡಂ ಮೇಲಿನ ಮೆಟ್ಟಿಲ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು. ನಾನು ಮೇಡಂ ಮುಖ ನೋಡಿದೆ. ಯಾವ ಚೌಕಾಸಿಯಲ್ಲಿ ಗೆದ್ದಾಗಲೂ ನನ್ನ ಮುಖ ಹಾಗಾಗಿದ್ದಿಲ್ಲ.

ಕಾಡಂಚಿನ ದಾರಿಯಲ್ಲಿ ಆನೆ ಇಳಿಯುತ್ತವೆ ಎಂದು ಗೌಡರು ನನ್ನನ್ನು ಆ ರಾತ್ರಿ ಕಳಿಸಲಿಲ್ಲ. ಅವರ ಜಗುಲಿಯಲ್ಲೇ ಮಲಗಿದೆ.

ಬೆಳಗಾಗುತ್ತಿದ್ದ ಹಾಗೆ ತೋಪಿನ ಮುಂದೆ ಕಾರೊಂದು ಬಂದು ನಿಂತಿತು. ಇಳಿದವರು ಆ ಹುಡುಗಿಯ ಅಪ್ಪ ಮತ್ತು ಗಂಡಿನ ಸೋದರಮಾವ. ಅಪ್ಪನ ಕಣ್ಣು ಕೆಂಪಾಗಿದ್ದವು. ಮಗಳು ಟೆಂಟಿನಿಂದ ತಲೆ ಹಾಕಿದ್ದನ್ನು ಕಂಡ ಮೇಲೆ ಅಪ್ಪ ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತರು.

“ಕಣ್ಮುಚ್ಚಿಲ್ಲ ಕಣ್ರೀ ಮೇಡಮ್ಮೋರೆ. ಫೋನ್ ಒತ್ತಿ ಒತ್ತಿ ಬೆಳ್ಳು ನೋಯ್ತಾ ಅವೆ. ಆನೆ ತಿರ್ಗೋ ಜಾಗ ಇದು. ಅವ್ಳವ್ವ ಅಳ್ತಾ ಕುಂತವ್ಳೆ. ಏನಾಯ್ತು ಅಂತ ತಿಳ್ಕೊಳಾದು?”

ಆತನ ಸಂಕಟ ಸುಳ್ಳಲ್ಲ. ನನಗೂ ಹೆಣ್ಣುಮಗಳಿದ್ದಾಳೆ. ನಾನು ತಕ್ಷಣ ಮುಂದೆ ಹೋದೆ. ಇಂಥ ಹೊತ್ತಿನಲ್ಲಿ ಯಾವ ಮಾತು ಆಡಬೇಕು ಎನ್ನುವುದೇ ನನ್ನ ವಿದ್ಯೆ.

“ಯಜಮಾನ್ರೆ, ತಪ್ಪು ನಮ್ದು. ನೆನ್ನೆ ಸಾಯಂಕಾಲ ಗಾಳಿಗೆ ಡಿಶ್ಶು ತಿರುಗ್ಬಿಡ್ತು. ಕತ್ಲಲ್ಲಿ ಟ್ಯಾಂಕ್ ಹತ್ತಕ್ಕಾಗ್ಲಿಲ್ಲ. ಈಗ ಸರಿ ಮಾಡ್ತೀನಿ.”

ಆತನ ಮುಖ ಸಡಿಲವಾಯಿತು. “ಗಾಳೀಗಾ?” ಎಂದರು. ಆ ಮಾವನೂ, “ಓಗ್ಲಿ ಬುಡಿ, ಗಾಳೀಗೆ ಯಾರೇನ್ ಮಾಡಾರು, ನಮ್ಮೂರಲ್ಲೂ ಇಂಗೇ ಆಯ್ತದೆ,” ಎಂದ. ಕಾಫಿ ಕೊಡಿಸಿ ಎರಡು ಮಾತಾಡಿ ಕಳಿಸಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವ್ಯಾಪಾರ ಕುದುರಿದ ಹಾಗೇ ಆಗಿತ್ತು.

ಅಷ್ಟರಲ್ಲಿ ಮೇಡಂ ಮುಂದೆ ಬಂದರು.

“ಗಾಳಿ ಅಲ್ಲ. ಅವರ ನೆಟ್ಟು ಸರಿಯಾಗೇ ಇತ್ತು. ನಾನೇ ಆರಿಸಿದ್ದು,” ಎಂದರು. “ನಿಮಗೆ ಗಾಬರಿ ಆಗಿದ್ದು ನನ್ನಿಂದ. ಕ್ಷಮಿಸಿ. ಆದರೆ ಬನ್ನಿ, ನಿಮ್ಮ ಮಗಳು ಏನು ಮಾಡಿದಾಳೆ ಅಂತ ಒಂದು ಸಲ ನೋಡಿ ಹೋಗಿ.”

ಆತ ಕಲ್ಯಾಣಿಯ ಕಡೆ ತಿರುಗಿಯೂ ನೋಡಲಿಲ್ಲ. ಮಾವನ ಎದುರಿಗೆ ತಲೆ ತಗ್ಗಿಸುವ ಹಾಗಾಗಿತ್ತು ಆತನಿಗೆ. “ನಿಮ್ಮನ್ನ ನಂಬ್ಕೊಂಡು ಕಳ್ಸಿದ್ದಲ್ರೀ,” ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರೋ ಏನೋ. ಹುಡುಗಿ ಬಳೆ ಹಾಕಿಕೊಂಡು ಚೀಲ ತಂದಳು. ಕಾರು ಹತ್ತುವ ಮುಂಚೆ ಕೈಯಲ್ಲಿದ್ದ ಹಸಿರು ಬಳೆಗಳನ್ನು ಬಿಚ್ಚಿ, ಊರಿನವರಿಗೆ ಕೊಟ್ಟುಬಿಡು ಎಂದು ಗೆಳತಿಯ ಕೈಗಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಇನ್ನೂ ಬೈಕುಗಳು, ಆಟೋಗಳು ಬಂದವು. ಸುದ್ದಿ ಹೋಗಲು ಎಷ್ಟು ಹೊತ್ತು? ಕೊನೆಯ ದಿನ ಶಿಬಿರದಲ್ಲಿ ಉಳಿದಿದ್ದವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಬಹುದಿತ್ತು.

ಡಿಶ್ಶು ಇಳಿಸಿ ಗಂಟು ಕಟ್ಟುವಾಗ ನಾನು ಸಿಟ್ಟಿನಿಂದಲೇ ಕೇಳಿದೆ. “ಯಾಕ್ ಮೇಡಂ ಬಾಯಿ ಬಿಟ್ರಿ? ನಾನು ಸರಿ ಮಾಡ್ಬಿಟ್ಟಿದ್ದೆ. ಗಾಳಿ ಅಂದಿದ್ರೆ ಮುಗಿದೇ ಹೋಗ್ತಿತ್ತು.”

“ನಿಮ್ಮ ಡಿಶ್ಶಿಗೆ ಯಾಕ್ರೀ ಕೆಟ್ಟ ಹೆಸರು? ಅದು ಪಾಪ ನೆಟ್ಟಗೇ ನಿಂತಿತ್ತು,” ಎಂದರು. ತಮಾಷೆಗೆ ಹೇಳಿದರು ಎಂದುಕೊಂಡೆ. ದನಿಯಲ್ಲಿ ತಮಾಷೆ ಇರಲಿಲ್ಲ. ಒಂದು ಡಬ್ಬ ಹುಚ್ಚೆಳ್ಳಿನ ಪುಡಿ ನನ್ನ ಬ್ಯಾಗಿಗೆ ಹಾಕಿ, ಹುಡುಗಿಯರನ್ನು ಬಸ್ಸು ಹತ್ತಿಸಲು ಹೊರಟರು.

ಆಮೇಲಿನದನ್ನು ಹೇಳಿದರೆ ನನಗೇ ಒಂಥರಾ ಆಗುತ್ತದೆ. ಮದ್ದೂರು, ಮಳವಳ್ಳಿ ಸುತ್ತೆಲ್ಲ ಆ ಕತೆ ಹರಡಿತು. ಹರಡಿದ ರೀತಿ ಹೀಗೆ: ಕಾಡಿನಲ್ಲೂ ಅವನ ನೆಟ್ಟು ಕೈಕೊಡಲಿಲ್ಲವಂತೆ, ಮೇಡಂ ತಾವೇ ಆರಿಸಿದ್ದಂತೆ. ಮೇಡಂ ಬಾಯಿಂದಲೇ ಬಂದ ಮಾತು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು? ಆರೋಗ್ಯ ಶಿಬಿರ, ಸಾಮೂಹಿಕ ಮದುವೆ, ಊರ ಹೊರಗಿನ ಸಮಾವೇಶ, ಎಲ್ಲದಕ್ಕೂ ಜನ ನನ್ನನ್ನೇ ಹುಡುಕಿಕೊಂಡು ಬಂದರು. ಇವತ್ತು ಅಂಗಡಿಗೆ ಎರಡು ಬಾಗಿಲಿದ್ದರೆ ಅದರಲ್ಲಿ ಒಂದು ಬಾಗಿಲು ಆ ಬೆಳಿಗ್ಗೆಯ ಮಾತಿನದು. ಅದೇ ಮಾತಿನಿಂದ ಮೇಡಂಗೆ ಶಿಬಿರ ಹೋಯಿತು. ಮಾರನೆಯ ವರ್ಷದಿಂದ ಶಿಬಿರ ಕಾಲೇಜಿನ ಹಾಲಿನಲ್ಲೇ ನಡೆಯಿತು. ಬೆಳಿಗ್ಗೆ ಬಂದು ಭಾಷಣ ಕೇಳಿ ಸಂಜೆ ಮನೆಗೆ ಹೋಗುವ ಶಿಬಿರ. ಅದರ ಜವಾಬ್ದಾರಿಯೂ ಬೇರೆಯವರಿಗೆ. ಆ ಹಾಲಿಗೆ ನೆಟ್ ಹಾಕಲು ನನ್ನನ್ನೇ ಕರೆದಿದ್ದರು. ಹೋದಾಗ ಮೇಡಂ ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಪೇಪರ್ ತಿದ್ದುತ್ತಾ ಕೂತಿದ್ದರು. ನನ್ನನ್ನು ಕಂಡು, “ಚೌಕಾಸಿ ಮಾಡಿದರಾ ಇವರು, ಇಲ್ಲ ಕೇಳಿದಷ್ಟು ಕೊಟ್ಟರಾ?” ಎಂದರು. ಕೇಳಿದಷ್ಟು ಕೊಟ್ಟರು ಮೇಡಂ ಎಂದೆ. “ಬೇಕಾದ್ದಕ್ಕೆ ಯಾರು ಚೌಕಾಸಿ ಮಾಡ್ತಾರೆ ಬಿಡಿ,” ಎಂದು ಮತ್ತೆ ಪೇಪರಿನ ಕಡೆ ತಿರುಗಿದರು. ಅದೇ ಕೊನೆ, ನಾನು ಅವರನ್ನು ನೋಡಿದ್ದು. ನಿವೃತ್ತರಾಗಿ ಮಂಡ್ಯದಲ್ಲಿ ತಂಗಿಯ ಮನೆಯಲ್ಲಿದ್ದರಂತೆ. ಎರಡು ವರ್ಷದ ಹಿಂದೆ ತೀರಿಕೊಂಡರು ಎಂದು ಬೇರೆ ಯಾವುದೋ ಮಾತಿನ ನಡುವೆ ಯಾರೋ ಹೇಳಿದರು.

ಈ ಬೇಸಿಗೆಯ ಶುರುವಿನಲ್ಲಿ ಒಬ್ಬ ಹೆಂಗಸು ಸ್ಕೂಟರ್ ನಿಲ್ಲಿಸಿ ಅಂಗಡಿಗೆ ಬಂದಳು. ಜೊತೆಗೆ ಎರಡನೇ ಕ್ಲಾಸು ಓದುವ ಮಗಳು. “ನೆಟ್ಟಣ್ಣ, ಗುರ್ತು ಸಿಕ್ತಾ?” ಎಂದಳು. ಆ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಕಲ್ಯಾಣಿಯ ತಳದಲ್ಲಿ ಕೂತು ನಕ್ಕ ಹುಡುಗಿ. ಗಂಡನ ಮನೆ ಈಗ ನಮ್ಮ ಮಳವಳ್ಳಿಯಲ್ಲೇ ಅಂತೆ.

ಮಗಳ ಶಾಲೆಯವರು ಶಿಂಷಾ ಕಡೆಯ ಒಂದು ತೋಟದಲ್ಲಿ ಎರಡು ದಿನ ಮಕ್ಕಳ ಶಿಬಿರ ಇಟ್ಟಿದ್ದರು. ಅಲ್ಲಿ ಸಿಗ್ನಲ್ ಇಲ್ಲ. ತಾಯಂದಿರೆಲ್ಲ ಸೇರಿ ನೆಟ್ ಹಾಕಿಸಬೇಕು ಎಂದು ಮಾತಾಡಿಕೊಂಡು ಇವಳನ್ನು ಕಳಿಸಿದ್ದರು.

“ಮೇಡಂ ನೆನಪಿದ್ದಾರೇನಮ್ಮ?” ಎಂದು ಕೇಳಿದೆ. ಕೇಳಬಾರದಿತ್ತೇನೋ.

“ಮರೆಯೋದಾ ಅಣ್ಣ? ಆ ಸಾಯಂಕಾಲ ನಕ್ಕಂಗೆ ನಾನು ಇನ್ಯಾವತ್ತೂ ನಕ್ಕಿಲ್ಲ.” ಮಗಳ ಜಡೆಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ದನಿ ತಗ್ಗಿಸಿದಳು. “ಆದ್ರೂ ಇವ್ಳ ಮೊಕ ಕಾಣ್ದಿದ್ರೆ ನಂಗೆ ತಡಿಯಾಕಾಗಲ್ಲ ಕಣಣ್ಣ. ಅಲ್ಲೂ ಯಾರಾದ್ರೂ ಮೇಡಂ ಆರಿಸ್ಬುಟ್ರೆ? ಅದಕ್ಕೇ ನಿಮ್ತಾವ ಬಂದೆ. ಸ್ವಿಚ್ಚು ನಿಮ್ ಕೈಲೇ ಇರ್ಲಿ.”

ನಾನು ಬೇಡ ಎನ್ನಲಿಲ್ಲ. ಅವಳು ಚೌಕಾಸಿಯನ್ನೂ ಮಾಡಲಿಲ್ಲ.

ತೋಟದಲ್ಲಿ ಏಳು ಗಂಟೆಗೆ ಸರಿಯಾಗಿ ಕರೆ ಹೋದವು. ಪುಟ್ಟ ಪುಟ್ಟ ಮುಖಗಳು ಒಂದರ ಪಕ್ಕ ಒಂದು, ಎಲ್ಲವೂ ತೊಳೆದು ಪೌಡರ್ ಹಚ್ಚಿದವು. ಅವಳ ಮಗಳು ನನಗೆ ಹತ್ತಿರದಲ್ಲೇ ನಿಂತಿದ್ದಳು. ಹಿಂದೆ ದೀಪದ ಕೆಳಗೆ ಮರಳಿನಲ್ಲಿ, ಮಾತು ಮುಗಿಸಿದ ಮಕ್ಕಳು ಏನೋ ಕಟ್ಟುತ್ತಾ ಕೂಗಾಡುತ್ತಿದ್ದವು. ಈ ಮಗುವಿನ ಕಣ್ಣು ಅಲ್ಲೇ.

“ಅಮ್ಮಾ, ಇಡ್ಲಾ? ಅಲ್ಲಿ ಎಲ್ರೂ ಆಡ್ತಾವ್ರೆ.”

“ಇನ್ನೊಂಚೂರು ಇರು ಮಗ. ಮೊಕ ಇಂಗೆ ತಿರುಗ್ಸು.”

ಮಗು ತಿರುಗಿಸಿತು. ಸ್ವಿಚ್ಚು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಯಾವುದು ಎಂದು ಕೇಳುವವರು ಇರಲಿಲ್ಲ.